ಕಮಲಿಯ ಮಾತ್ರೆ, ಮಾಬ್ಲನ ಪಾಲು

ಕಮಲಿಗೆ ಒಂದು ಚಟವಿತ್ತು, ಕೈಗೆ ಬಂದದ್ದನ್ನೆಲ್ಲ ಪಾಲು ಮಾಡುವ ಚಟ. ಹೊನ್ನಾವರದ ಬಂದರಿನಲ್ಲಿ ಬೆಳಿಗ್ಗೆ ಬುಟ್ಟಿ ತುಂಬಿಸಿಕೊಂಡು ಟೆಂಪೋ ಹತ್ತಿದಳೆಂದರೆ ಡ್ರೈವರನ ಸೀಟಿನ ಕೆಳಗೆ ನಾಲ್ಕು ಬಂಗಡೆ ಹೋಯಿತೆಂದೇ ತಿಳಿಯಬೇಕು. ಧಾರೇಶ್ವರದಲ್ಲಿ ಇಳಿದ ಮೇಲೆ ಪಕ್ಕದ ಮನೆಯ ಮುದುಕಿ ತಿಮ್ಮಕ್ಕನಿಗೆ ಒಂದು ಹಿಡಿ ಶೆಟ್ಲಿ ಸೀಗಡಿ. ದಾರಿಯಲ್ಲಿ ಯಾರಾದರೂ ಬಸುರಿ ಹೆಂಗಸು ಬುಟ್ಟಿಯ ಕಡೆ ನೋಡಿದರೆ ಅವಳಿಗೂ ಎರಡು ನೊಗ್ಲಿ ಮೀನು. ಮಗಳು ಪ್ರಿಯಾ ಕುಮಟೆಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. "ಅಮ್ಮಾ, ನೀನು ಮೀನು ಮಾರೂಕೆ ಹೋಗುದಾ, ಹಂಚೂಕೆ ಹೋಗುದಾ?" ಎಂದು ವಾರಕ್ಕೆ ಮೂರು ಸಲ ಬೈಯುವಳು. ಕಮಲಿ ಬೈಸಿಕೊಂಡು ನಗುವಳು, ಮರುದಿನ ಮತ್ತೆ ಅದನ್ನೇ ಮಾಡುವಳು.

ಈ ಚಟ ಹತ್ತಿದ್ದು ಭಟ್ಕಳದ ಪಕ್ಕದ ಜಾಲಿಯಲ್ಲಿ, ಅವಳು ಹುಟ್ಟಿದ ಊರಿನಲ್ಲಿ. ಆಗೆಲ್ಲ ದಡದಿಂದ ದೊಡ್ಡ ಬಲೆ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದು ಪಾಲು ಮೀನು ಎಂಬುದು ರೂಢಿ. ಹಗ್ಗ ಹಿಡಿದವನು ಯಾರ ಮನೆಯವನು, ಎಷ್ಟು ಎಳೆದ ಎಂದು ಯಾರೂ ಕೇಳುವಂತಿರಲಿಲ್ಲ. ತಾಯಿ ತೀರಿಕೊಂಡಾಗ ಕಮಲಿಗೆ ಹನ್ನೆರಡು, ತಮ್ಮ ಮಾಬ್ಲನಿಗೆ ಐದು. ಅಪ್ಪ ದೋಣಿಗೆ ಹೋದ ದಿನ ಇವಳು ತಮ್ಮನನ್ನು ಎಳೆದುಕೊಂಡು ಹೋಗಿ ಹಗ್ಗದ ತುದಿ ಹಿಡಿಸುತ್ತಿದ್ದಳು. ಆ ಪುಟ್ಟ ಕೈಗೆ ಎಂತ ಬಲ ಇತ್ತು ಹೇಳಿ? ಆದರೂ ಪಾಲು ಹಾಕುವವರು ಇಬ್ಬರಿಗೂ ಬೇರೆಬೇರೆ ಪಾಲು ಹಾಕುತ್ತಿದ್ದರು. ಹಾಗೆ ಬಂದ ಮೀನಿನ ಸಾರಿನಲ್ಲೇ ಆ ಇಬ್ಬರು ಬೆಳೆದರು. ಮಾಬ್ಲ ದೊಡ್ಡವನಾಗಿ ಹೊನ್ನಾವರದ ಬಂದರಿಗೆ ಬಂದು, ಬೋಟಿನ ಕೆಲಸದಾಳು ಖಲಾಸಿಯಾಗಿ ಸೇರಿ, ಈಗ ಹದಿನೈದು ವರ್ಷದಿಂದ ಒಂದು ದೊಡ್ಡ ಬೋಟಿನ ತಾಂಡೇಲ. ಬೋಟು ನಡೆಸುವವನು, ಏಳೆಂಟು ಜನರ ಜೀವ ಕೈಯಲ್ಲಿ ಹಿಡಿದವನು. ಅಕ್ಕನ ಎದುರಿಗೆ ಮಾತ್ರ ಇನ್ನೂ ಐದು ವರ್ಷದವನೇ.

ಹೋದ ವರ್ಷದ ಮಳೆಗಾಲದಲ್ಲಿ ಕಮಲಿಗೆ ಕೆಮ್ಮು ಹಿಡಿಯಿತು. ಮಳೆಗಾಲದಲ್ಲಿ ಯಾರಿಗೆ ಕೆಮ್ಮು ಬರುವುದಿಲ್ಲ? ಕಷಾಯ ಕುಡಿದಳು, ಎದೆಗೆ ಎಣ್ಣೆ ತಿಕ್ಕಿಸಿಕೊಂಡಳು. ಕೆಮ್ಮು ಚೌತಿ ದಾಟಿತು, ದೀಪಾವಳಿ ದಾಟಿತು. ಎಕ್ಸ್‌ರೇಯಲ್ಲಿ ಬಿಳಿ ಕಲೆ ಕಂಡಿತು. ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಟಿಬಿಯೇ ಇರಬೇಕೆಂದು ಒಬ್ಬ ಡಾಕ್ಟರು ಎರಡು ತಿಂಗಳು ಟಿಬಿ ಮಾತ್ರೆ ತಿನ್ನಿಸಿದರು. ಕೊನೆಗೆ ಮೀನಿನ ಬುಟ್ಟಿ ಹೊತ್ತು ನಾಲ್ಕು ಮನೆ ದಾಟುವುದರೊಳಗೆ ಉಸಿರು ಕಟ್ಟಿ ಅವಳು ಯಾರದೋ ಅಂಗಳದಲ್ಲಿ ಕುಳಿತುಬಿಟ್ಟಾಗ, ಪ್ರಿಯಾ ಅವಳನ್ನು ಕುಮಟೆಯಿಂದ ರೈಲು ಹತ್ತಿಸಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಬೆನ್ನಿನಿಂದ ಸೂಜಿ ಹಾಕಿ ಗಂಟಿನ ಚೂರು ತೆಗೆದರು. ಶ್ವಾಸಕೋಶದ ಕ್ಯಾನ್ಸರ್ ಎಂದರು.

"ನಾ ಹುಟ್ಟಿದ ಮೇಲೆ ಒಂದು ಬೀಡಿ ಮುಟ್ಟಲಿಲ್ಲ," ಎಂದಳು ಕಮಲಿ. ಅಳುವುದಕ್ಕಿಂತ ಹೆಚ್ಚಾಗಿ ಅವಳಿಗೆ ಸಿಟ್ಟು ಬಂದಿತ್ತು.

ಡಾಕ್ಟರ್ ಸುಚಿತಾ ಸಣ್ಣ ವಯಸ್ಸಿನವಳು, ಮಾತು ಮಾತ್ರ ಗಟ್ಟಿ. "ಬೀಡಿ ಸೇದದ ಹೆಂಗಸರಿಗೂ ಬರ್ತದೆ ಕಮಲಮ್ಮ. ಶ್ವಾಸಕೋಶದ ಕ್ಯಾನ್ಸರ್ ಅಂತ ನಾವು ಒಂದೇ ಹೆಸರು ಇಟ್ಟಿದ್ದೇವೆ, ಅಷ್ಟೆ. ಒಳಗೆ ಅದು ಹತ್ತಾರು ತರ. ನಿಮ್ಮದು ಯಾವ ತರ ಅಂತ ಗಂಟಿನ ಜೀನ್ ಪರೀಕ್ಷೆ ಮಾಡದೆ ನಾನು ಮದ್ದು ಬರೆಯೋದಿಲ್ಲ," ಎಂದಳು. ಹದಿನೈದು ದಿನ ಕಾಯಿಸಿದಳು. ಆ ಹದಿನೈದು ದಿನ ಪ್ರಿಯಾ ಊಟ ಸರಿಯಾಗಿ ಮಾಡಲಿಲ್ಲ. ವರದಿ ಬಂದ ದಿನ ಸುಚಿತಾಳ ಮುಖದಲ್ಲಿ ಸಣ್ಣ ನಗು ಇತ್ತು.

"ನಿಮ್ಮ ಗಂಟಿನಲ್ಲಿ ಇಜಿಎಫ್‌ಆರ್ ಅನ್ನೋ ಜೀನಿನದ್ದು ಒಂದು ತುಂಡು ಬಿಟ್ಟುಹೋಗಿದೆ. ಹಾಗಾಗಿ ಜೀವಕೋಶದ ಬಾಗಿಲಲ್ಲಿ ಕೂತು ಯಾರೋ 'ಬೆಳಿ, ಬೆಳಿ' ಅಂತ ಹುಕುಂ ಕೊಡ್ತಾನೇ ಇದ್ದಾರೆ. ಈ ಮಾತ್ರೆ ಹೋಗಿ ಅವರ ಬಾಯಿ ಮುಚ್ಚಿಸ್ತದೆ. ದಿನಕ್ಕೆ ಒಂದು. ಒಂದು ದಿನವೂ ತಪ್ಪಬಾರದು."

ಇದು ಹುಟ್ಟಿನಿಂದ ಬಂದದ್ದಲ್ಲ, ಗಂಟಿನೊಳಗೆ ಮಾತ್ರ ಆದ ಬದಲಾವಣೆ ಎಂದೂ ಡಾಕ್ಟರ್ ಹೇಳಿದ್ದಳು. ಆದರೆ ಆಗ ಕಮಲಿಯ ಗಮನವೆಲ್ಲ 'ಬರೀ ಒಂದು ಮಾತ್ರೆ' ಎಂಬಲ್ಲಿಗೆ ಹೋಗಿತ್ತು. ಸಹಾಯ ಯೋಜನೆಯೊಂದರಲ್ಲಿ ಮಾತ್ರೆ ಸಿಗುವಂತೆ ಆಸ್ಪತ್ರೆಯವರೇ ಮಾಡಿಕೊಟ್ಟರು. ತಿಂಗಳು ತಿಂಗಳು ಖಾಲಿ ಸ್ಟ್ರಿಪ್ಪು ತೋರಿಸಬೇಕು, ಆಗ ಮುಂದಿನ ಮೂವತ್ತು ಮಾತ್ರೆ. ಅದೊಂದೇ ಷರತ್ತು.

ಎಂಟನೇ ದಿನಕ್ಕೆ ಮುಖದ ತುಂಬ ಗುಳ್ಳೆ ಎದ್ದವು. ಮೀನು ಮಾರುವ ಗೆಳತಿ ಲಕ್ಕಿ, "ಎಂತ ಕಮಲಿ, ಐವತ್ತಾರಕ್ಕೆ ಮೊಡವೆಯಾ? ಗಂಡು ಕಾಂಬನಾ ನಿಂಗೆ?" ಎಂದು ಬಂದರಿನ ತುಂಬ ನಗಿಸಿದಳು. ಕಮಲಿ ಫೋನು ಮಾಡಿ ಕೇಳಿದಾಗ ಡಾಕ್ಟರ್ ಹೆದರಬೇಡಿ ಎಂದಳು. ಚರ್ಮದಲ್ಲೂ ಆ ಇಜಿಎಫ್‌ಆರ್ ಇರುತ್ತದೆ, ಮಾತ್ರೆ ಅಲ್ಲೂ ಕೂರುತ್ತದೆ, ಅದಕ್ಕೆ ಗುಳ್ಳೆ. ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೆ ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬಂತೆಂದೇ ಅರ್ಥ ಮಾಡುವುದು. ಕಮಲಿಯೂ ಹಾಗೆಯೇ ತಿಳಿದಳು. ಗುಳ್ಳೆ ಎದ್ದಿತು, ಮದ್ದು ಹತ್ತಿತು. ಅವಳ ಪಾಲಿಗೆ ಅದು ನಿಜವೂ ಆಯಿತು. ಮೂರನೇ ವಾರಕ್ಕೆ ಕೆಮ್ಮು ಮಾಯ, ಎರಡನೇ ತಿಂಗಳಿಗೆ ಬುಟ್ಟಿ ಮತ್ತೆ ತಲೆಯ ಮೇಲೆ. ಸ್ಕ್ಯಾನಿನಲ್ಲಿ ಲಿಂಬೆಹಣ್ಣಿನಷ್ಟಿದ್ದ ಗಂಟು ಗೋಲಿಯಷ್ಟಾಗಿತ್ತು. ಅವಳು ಆಸ್ಪತ್ರೆಯ ಕಾರಿಡಾರಿನಲ್ಲೇ ಪ್ರಿಯಾಳನ್ನು ತಬ್ಬಿ ಜೋರಾಗಿ ಅತ್ತಳು, ಅಷ್ಟು ಸಂತೋಷವಾಗಿತ್ತು.

ಸಂತೋಷ ಮೇ ತಿಂಗಳವರೆಗೆ ಇತ್ತು. ಆಮೇಲೆ ಮಾಬ್ಲ ಕೆಮ್ಮಲು ಶುರು ಮಾಡಿದ.

ಮಾಬ್ಲನದ್ದು ಬೀಡಿಯ ಕೆಮ್ಮು ಎಂದೇ ಎಲ್ಲರೂ ಅಂದುಕೊಂಡಿದ್ದರು. ಹದಿನಾಲ್ಕನೇ ವರ್ಷಕ್ಕೆ ಹಿಡಿದ ಬೀಡಿಯನ್ನು ಅವನು ಊಟಕ್ಕೆ ಮಾತ್ರ ಕೆಳಗಿಡುತ್ತಿದ್ದುದು. ಕಫದಲ್ಲಿ ರಕ್ತ ಕಂಡಾಗ ಕಮಲಿ ತಾನೇ ಅವನನ್ನು ಡಾಕ್ಟರ್ ಸುಚಿತಾಳ ಹತ್ತಿರ ಕೂರಿಸಿದಳು. ಸೂಜಿ ಹಾಕಿದರು. ಅದೇ ರೋಗ. ಆದರೆ ಸಿಕ್ಕ ಚೂರು ತೀರಾ ಸಣ್ಣದು, ರೋಗದ ಹೆಸರು ಹೇಳಲು ಸಾಕಾಯಿತು, ಜೀನ್ ಪರೀಕ್ಷೆಗೆ ಸಾಲಲಿಲ್ಲ. ಇನ್ನೊಮ್ಮೆ ಸೂಜಿ ಹಾಕಬೇಕು ಎಂದರು. ಮಾಬ್ಲ ಅಂಗಿ ಹಾಕಿಕೊಂಡು ಹೊರಗೆ ಬಂದವನು ತಿರುಗಿ ನೋಡಲಿಲ್ಲ. ಬಿರುಗಾಳಿಯಲ್ಲಿ ಬೋಟು ತಿರುಗಿಸಿ ತಂದವನು, ಒಂದು ಸೂಜಿಗೆ ಓಡಿಬಂದ!

ಹೊನ್ನಾವರದ ಅವನ ಮನೆಯ ಜಗಲಿಯಲ್ಲಿ ಅಕ್ಕ ತಮ್ಮ ಕುಳಿತರು. ಹೆಂಡತಿ ಸಣ್ಣಿ ಚಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಅಕ್ಕಾ, ನಾವಿಬ್ರೂ ಒಂದೇ ಹೊಟ್ಟೆಯಿಂದ ಬಂದವ್ರು ಅಲ್ದಾ?" ಎಂದ ಮಾಬ್ಲ.

"ಹೌದು. ಅದಕ್ಕೆ ಎಂತ ಈಗ?"

"ಜೀನು ಅಂದ್ರೆ ಅಪ್ಪ ಅಮ್ಮನಿಂದ ಬಪ್ಪುದು ಅಂತೆ. ನಿಂದೂ ನಂದೂ ಒಂದೇ ಜೀನು, ಒಂದೇ ರೋಗ. ಮತ್ತೆ ಪರೀಕ್ಷೆ ಎಂತಕ್ಕೆ? ನಿನ್ನ ಮಾತ್ರೇಲಿ ನಂಗೆ ಒಂದು ಪಾಲು ಕೊಡು."

ಕಮಲಿಗೆ ಸುಚಿತಾಳ ಮಾತು ನೆನಪಾಯಿತು, ಒಂದು ದಿನವೂ ತಪ್ಪಬಾರದು. ಆದರೆ ಎದುರಿಗೆ ಕುಳಿತವನು ಮಾಬ್ಲ. ಚಿಕ್ಕಂದಿನಲ್ಲಿ ಗಂಜಿಯ ತಟ್ಟೆಯ ತಳದ ಅನ್ನವನ್ನು ಅವನ ಕಡೆ ಸರಿಸಿ ತಾನು ಮೇಲಿನ ತಿಳಿ ಕುಡಿದವಳು ಅವಳು, ಅವಳ ಕೈಗೆ ಇಲ್ಲ ಎನ್ನಲು ಗೊತ್ತೇ ಇರಲಿಲ್ಲ. ಒಂದೇ ಹೊಟ್ಟೆ, ಒಂದೇ ರೋಗ ಎಂಬ ಮಾತು ಅವಳಿಗೂ ಸರಿ ಎನಿಸಿತು. ಜೂನ್ ಹತ್ತಕ್ಕೆ ಹೊಸ ಮೂವತ್ತು ಮಾತ್ರೆ ಬಂದಾಗ ಕತ್ತರಿ ತೆಗೆದುಕೊಂಡು ಸ್ಟ್ರಿಪ್ಪನ್ನು ಅರ್ಧಕ್ಕೆ ಕತ್ತರಿಸಿ ಹದಿನೈದು ಮಾತ್ರೆ ತಮ್ಮನ ಕೈಗಿಟ್ಟಳು. ಒಂದು ದಿನ ಅವಳು ತಿನ್ನುವುದು, ಮರುದಿನ ಅವನು. ತಿಂದ ಮೇಲೆ ಖಾಲಿ ಸ್ಟ್ರಿಪ್ಪು ಮರೆಯದೆ ವಾಪಸು ಕೊಡಬೇಕು. ಪ್ರಿಯಾಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಮನೆಯ ಹಂಚು ಹಾರಿಸುತ್ತಿದ್ದಳು.

ಜೂನ್ ಕೊನೆಗೆ ಮಾಬ್ಲನ ಮುಖದ ಮೇಲೂ ಗುಳ್ಳೆ ಎದ್ದವು! ಮಾಬ್ಲ ಕನ್ನಡಿಯ ಮುಂದೆ ನಿಂತು, "ಕಾಣು ಅಕ್ಕಾ, ಹತ್ತಿತು!" ಎಂದು ಫೋನಿನಲ್ಲೇ ಕೂಗಿದ. ಕಮಲಿ ಧಾರೇಶ್ವರನಿಗೆ ಒಂದು ಕಾಯಿ ಒಡೆಸಿದಳು. ಪಾಪ, ಆ ಗುಳ್ಳೆ ಅವನ ಚರ್ಮದ ಸಮಾಚಾರ, ಗಂಟಿನದ್ದಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಜುಲೈ ಹತ್ತಕ್ಕೆ ಮಾಬ್ಲ ಖಾಲಿ ಸ್ಟ್ರಿಪ್ಪು ತಂದುಕೊಟ್ಟು, ಮತ್ತೆ ಹದಿನೈದು ಮಾತ್ರೆ ತೆಗೆದುಕೊಂಡು ಹೋದ. ಅಷ್ಟರಲ್ಲಿ ಕಮಲಿಯ ಕೆಮ್ಮು ತಿರುಗಿ ಬಂದಿತ್ತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಮಾತಾಡುವಾಗ. ಮಳೆಯಲ್ಲಿ ನೆನೆದದ್ದು ಎಂದು ಪ್ರಿಯಾಳಿಗೆ ಸುಳ್ಳು ಹೇಳಿದಳು. ಒಳಗೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಬಿಟ್ಟು ಒಂದು ದಿನವೇ ತಿಂದಳು.

ಜುಲೈ ಮೂವತ್ತಕ್ಕೆ ಸ್ಕ್ಯಾನ್ ಇತ್ತು. ಡಾಕ್ಟರ್ ಸುಚಿತಾ ಪರದೆಯನ್ನು ನೋಡಿದಳು, ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ಮತ್ತೆ ನೋಡಿದಳು.

"ಸ್ವಲ್ಪ ಬೆಳೆದಿದೆ. ಇಷ್ಟು ಬೇಗ ಬೆಳೀಬಾರದಿತ್ತು. ರೋಗ ತನ್ನ ರೂಪ ಬದಲಾಯಿಸಿ ಮಾತ್ರೆಯಿಂದ ತಪ್ಪಿಸಿಕೊಳ್ಳೋದು ಉಂಟು, ಹಾಗಾಗಿದ್ದರೆ ಮತ್ತೆ ಚೂರು ತೆಗೆದು ಪರೀಕ್ಷೆ ಮಾಡಿ ಬೇರೆ ಮದ್ದು ನೋಡಬೇಕು. ಕಮಲಮ್ಮ, ಮಾತ್ರೆ ದಿನಾ ತಿಂತಾ ಇದ್ದೀರಲ್ಲ?"

ಕಮಲಿ ಪ್ರಿಯಾಳ ಮುಖ ನೋಡಿದಳು. ಸುಳ್ಳು ಹೇಳಿದರೆ ಡಾಕ್ಟರ್ ರೋಗ ರೂಪ ಬದಲಾಯಿಸಿತೆಂದು ತಿಳಿದು ಬೇರೆ ದಾರಿ ಹಿಡಿಯುತ್ತಾಳೆ. ನಿಜ ಹೇಳಿದರೆ ಮಾತ್ರೆಯೇ ನಿಂತುಹೋದೀತು. ಅವಳಿಗೆ ಹೆದರಿಕೆಯಾಯಿತು. ಆದರೂ ಬಾಯಿ ಬಿಟ್ಟಳು.

"ಇಲ್ಲ ಡಾಕ್ಟ್ರೇ. ಅರ್ಧ ನನ್ನ ತಮ್ಮನಿಗೆ ಕೊಟ್ಟೆ."

ಪ್ರಿಯಾ "ಅಮ್ಮಾ!" ಎಂದು ಚೀರಿದ್ದು ಹೊರಗೆ ಕುಳಿತವರಿಗೂ ಕೇಳಿಸಿತು. ಡಾಕ್ಟರ್ ಪೆನ್ನು ಕೆಳಗಿಟ್ಟಳು. ಬೈದಳು, ಸರಿಯಾಗಿಯೇ ಬೈದಳು. ಅರ್ಧ ಮದ್ದು ತಿಂದರೆ ರೋಗಕ್ಕೆ ಉಸಿರಾಡಲು ಜಾಗ ಕೊಟ್ಟ ಹಾಗೆ ಎಂದಳು. ಆಮೇಲೆ ಬಿಳಿ ಹಾಳೆ ತೆಗೆದು, ಒಂದು ಚೌಕ ಬರೆದು ಅದಕ್ಕೆ ಬಾಗಿಲು ಇಟ್ಟು, ಎರಡನೇ ಸಲ ನಿಧಾನವಾಗಿ ವಿವರಿಸಿದಳು. ಈ ಸಲ ಕಮಲಿ ಒಂದು ಮಾತೂ ಬಿಡದೆ ಕೇಳಿದಳು. ಅಪ್ಪ ಅಮ್ಮನಿಂದ ಬರುವ ಜೀನು ಬೇರೆ ಮಾತು, ಇದು ಗಂಟು ಹುಟ್ಟುವಾಗ ಗಂಟಿನೊಳಗೆ ಮಾತ್ರ ಆದ ತಪ್ಪು. ಅಕ್ಕನ ಗಂಟಿನ ತಪ್ಪು ತಮ್ಮನ ಗಂಟಿನಲ್ಲಿ ಇರಬೇಕೆಂದಿಲ್ಲ. ಅದರಲ್ಲೂ ಮೂವತ್ತೈದು ವರ್ಷ ಬೀಡಿ ಸೇದಿದವನ ಗಂಟಿನಲ್ಲಿ ಬೇರೆಯೇ ಇರುವುದು ಹೆಚ್ಚು.

"ಹಾಗಾದ್ರೆ ಅವನಿಗೆ ಗುಳ್ಳೆ ಎದ್ದದ್ದು?"

"ಚರ್ಮ ಎಲ್ಲರಿಗೂ ಇದೆಯಲ್ಲ. ಗುಳ್ಳೆ ಎದ್ದ ಮಾತ್ರಕ್ಕೆ ಗಂಟು ಕರಗ್ತಾ ಇದೆ ಅಂತ ಅಲ್ಲ. ಈ ಎರಡು ತಿಂಗಳಲ್ಲಿ ಅವರ ಗಂಟು ಸುಮ್ಮನೆ ಕೂತಿರೋದಿಲ್ಲ ಕಮಲಮ್ಮ. ಮೊದಲು ಕರ್ಕೊಂಡು ಬನ್ನಿ."

"ನನ್ನ ಮಾತ್ರೆ?"

"ನಿಮ್ಮ ಮಾತ್ರೆ ನಿಲ್ಲೋದಿಲ್ಲ. ಯೋಜನೆಯವರಿಗೆ ನಾನು ಬರೆದು ತಿಳಿಸ್ತೇನೆ. ನಾಳೆಯಿಂದ ದಿನಾ ಒಂದು ತಿಂದು ನೋಡುವ. ಆದರೆ ಇನ್ನು ಒಂದು ಮಾತ್ರೆ ಹಂಚಿದರೂ ನನಗೆ ಗೊತ್ತಾಗ್ತದೆ."

ಮೂವತ್ತೊಂದಕ್ಕೆ ಕಮಲಿ ದಿನವಿಡೀ ತಮ್ಮನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮರುದಿನ ಆಗಸ್ಟ್ ಒಂದು. ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ದಿನ. ಒಮ್ಮೆ ಹೋದರೆ ಮಾಬ್ಲ ಹತ್ತು ದಿನ ಬರುವವನಲ್ಲ, ಬಂದರೂ ಮಂಜುಗಡ್ಡೆ ತುಂಬಿಸಿಕೊಂಡು ಮತ್ತೆ ಹೊರಡುವವನೇ.

ಬೆಳಿಗ್ಗೆ ಎದ್ದು ಮಾತ್ರೆ ನುಂಗಿದವಳೇ ಕಮಲಿ ಮೊದಲ ಟೆಂಪೋ ಹತ್ತಿದಳು. ಬುಟ್ಟಿ ಇಲ್ಲದ ಕಮಲಿಯನ್ನು ಕಂಡು ಡ್ರೈವರು, "ಎಂತ ಕಮಲಕ್ಕ, ಇವತ್ತು ಬರೀ ಕೈ?" ಎಂದ.

"ಇವತ್ತು ಒಂದು ದೊಡ್ಡ ಮೀನು ಹಿಡೀಬೇಕು, ಗಾಡಿ ಬಿಡು ನೀನು," ಎಂದಳು.

ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋಟಿನ ಮೂತಿಗೆಲ್ಲ ಹೂವಿನ ಹಾರ, ಊದುಬತ್ತಿ, ಒಡೆದ ಕಾಯಿಯ ನೀರು. ಎಂಜಿನ್‌ಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಕಮಲಿ ಎರಡು ಕಡೆ ನಿಂತು ಕೆಮ್ಮಿ, ಉಸಿರು ಹಿಡಿದು, ತಮ್ಮನ ಬೋಟಿನ ಹತ್ತಿರ ಬಂದಾಗ ಬೋಟು ಕಟ್ಟುವ ಧಕ್ಕೆಯ ಮೇಲೆ ಸಣ್ಣಿ ನಿಂತಿದ್ದಳು. ಅವಳ ಕೈಯಲ್ಲಿ ಮಾಬ್ಲನ ಬೀಡಿಯ ತಗಡಿನ ಡಬ್ಬಿ. ಕಮಲಿಯನ್ನು ಕಂಡು ಸಣ್ಣಿಯ ಮುಖ ಬಿಳಿಚಿಕೊಂಡಿತು.

"ಅತ್ಗೆ, ನೀವ್ ಈಗ್ಲೇ ಬಂದ್ರಾ? ಬೋಟು ಹೋದ ಮೇಲೆ ನಿಮ್ಮ ಮನೆಗೆ ಬಂದು ಇದನ್ನು ಕೊಡೂಕೆ ಹೇಳಿದ್ರು."

"ಎಂತ ಅದು?"

ಸಣ್ಣಿ ಅಳತೊಡಗಿದಳು. ಕಮಲಿ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದಳು. ಒಳಗೆ ಬೀಡಿ ಇರಲಿಲ್ಲ. ಅವಳು ಕತ್ತರಿಸಿ ಕೊಟ್ಟಿದ್ದ ಜುಲೈ ತಿಂಗಳ ಸ್ಟ್ರಿಪ್ಪು ಹಾಗೆಯೇ ಇತ್ತು, ಹದಿನೈದಕ್ಕೆ ಹದಿನೈದು. ಪಕ್ಕದಲ್ಲಿ ಕಾಗದದ ಚೂರಿನಲ್ಲಿ ಕಟ್ಟಿದ ಆರು ಬಿಡಿ ಮಾತ್ರೆ.

ಕಮಲಿ ಎರಡು ಸಲ ಎಣಿಸಿದಳು. ಮಾಬ್ಲ ಒಂಬತ್ತು ಮಾತ್ರ ತಿಂದಿದ್ದ. ಉಳಿದ ಆರನ್ನು ಬಿಡಿಸಿಟ್ಟು, ಅವಳನ್ನು ನಂಬಿಸಲು ಖಾಲಿ ಸ್ಟ್ರಿಪ್ಪು ತಂದುಕೊಟ್ಟಿದ್ದ. ಅವಳ ಎದೆಯಲ್ಲಿ ಸಿಟ್ಟೂ ಅಳುವೂ ಒಟ್ಟಿಗೆ ಎದ್ದವು. ಯಾವುದು ಮೊದಲು ಹೊರಗೆ ಬರಬೇಕೆಂದು ಅವಳಿಗೇ ತಿಳಿಯಲಿಲ್ಲ.

"ಮಾಬ್ಲಾ!"

ಚುಕ್ಕಾಣಿಯ ಕೋಣೆಯಿಂದ ಮಾಬ್ಲ ತಲೆ ಹೊರಗೆ ಹಾಕಿದ. ಎರಡು ತಿಂಗಳಲ್ಲಿ ಅವನ ಕುತ್ತಿಗೆ ಕೋಲಿನಂತಾಗಿತ್ತು.

"ಇಳಿ ಕೆಳಗೆ!"

"ಅಕ್ಕಾ, ಹೊರಡೂ ಹೊತ್ತಿಗೆ ಎಂತ ಇದು? ಮನೆಗೆ ಹೋಗು. ಬಂದ ಮೇಲೆ ಮಾತಾಡ್ವ."

"ಬಂದ ಮೇಲಲ್ಲ, ಈಗ. ಎಂತಕ್ಕೆ ತಿನ್ಲಿಲ್ಲ ನೀನು?"

ಖಲಾಸಿಗಳೆಲ್ಲ ಕೆಲಸ ಬಿಟ್ಟು ನೋಡತೊಡಗಿದರು. ಮಾಬ್ಲ ಅಂಚಿನವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಜೂನ್ ಕೊನೇಲಿ ನೀ ಒಣಮೀನು ತಕಂಡು ನಮ್ಮನೆಗೆ ಬಂದಿದ್ದೆಯಲ್ಲ. ಎರಡು ಮೆಟ್ಟಿಲು ಹತ್ತೂಕೆ ನೀ ಕೆಮ್ಮಿದ್ದು ನಾ ಒಳಗಿಂದ ಕೇಳ್ದೆ. ಆ ದಿನದಿಂದ ನಂಗೆ ಅದು ಗಂಟಲಲ್ಲಿ ಇಳೀಲಿಲ್ಲ ಅಕ್ಕಾ."

"ಮತ್ತೆ ಜುಲೈಯಲ್ಲಿ ಎಂತಕ್ಕೆ ತಕಂಡೆ?"

"ಬ್ಯಾಡ ಅಂದ್ರೆ ನೀ ಆಸ್ಪತ್ರೆಗೆ ಎಳ್ಕೊಂಡು ಹೋತಿದ್ದೆ. ಅಲ್ಲಿ ನನ್ನ ಮುಖದ ಗುಳ್ಳೆ ಕಂಡ್ರೆ ಡಾಕ್ಟ್ರಿಗೆ ತಿಳೀತಿತ್ತು. ನಿನ್ನ ಮಾತ್ರೆ ಬಂದ್ ಮಾಡ್ತಿದ್ರು. ಒಬ್ಬರಿಗಾದ್ರೂ ಸರಿ ಇರ್ಲಿ. ನಾ ಕಡಲಲ್ಲಿ ಇದ್ದಷ್ಟು ದಿನ ಇರ್ತೆ."

ಇದಾ ಇವನ ಬುದ್ಧಿ! ನಲವತ್ತೊಂಬತ್ತು ವರ್ಷದ ಗಂಡಸು, ಕಡಲಲ್ಲಿ ಹೋಗಿ ಸಾಯುತ್ತೇನೆಂದು ಅಕ್ಕನಿಗೆ ಹೇಳದೆ ಡಬ್ಬಿ ಕಳಿಸಲು ಹೊರಟವನು. ಕಮಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾ ಡಾಕ್ಟ್ರಿಗೆ ಎಲ್ಲಾ ಹೇಳಿ ಆತು. ಬಂದ್ ಆಗ್ಲಿಲ್ಲ. ಬೈಸ್ಕೊಂಡೆ, ಅಷ್ಟೆ. ಈಗ ಇಳಿ."

"ಸುಳ್ಳು ಹೇಳ್ಬ್ಯಾಡ."

"ನನ್ನ ಮಗಳಾಣೆ! ಕೇಳು ಇಲ್ಲಿ. ಆ ಮಾತ್ರೆ ನಿನ್ನ ಗಂಟಿಗೆ ಅಲ್ಲವೇ ಅಲ್ಲ ಅಂಬುದೂ ಉಂಟು. ಸಣ್ಣ ಬೆಳಂಜಿ ಮೀನು ಹಿಡಿಯೂಕೆ ನೀ ದೊಡ್ಡ ಕಣ್ಣಿನ ಬಂಗಡೆ ಬಲೆ ಹಾಕ್ತ್ಯಾ ತಾಂಡೇಲ? ಹಾಕಿದ್ರೆ ಒಂದಾದ್ರೂ ನಿಲ್ತದಾ? ಯಾವ ಮೀನು ಅಂತ ತಿಳೀದೆ ಬಲೆ ಇಳಿಸುವವ ನೀನಲ್ಲ. ನಿನ್ನ ಎದೇಲಿ ಯಾವ ರೋಗ ಕೂತಿದೆ ಅಂತ ಕಾಂಬೂಕೆ ಮಾತ್ರ ಒಂದು ಸೂಜಿಗೆ ಹೆದರ್ತ್ಯಾ?"

ಖಲಾಸಿಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಮಾಬ್ಲನಿಗೆ ಅವಮಾನವಾಯಿತು. ತಿರುಗಿ ಚುಕ್ಕಾಣಿಯ ಕಡೆ ಹೆಜ್ಜೆ ಹಾಕಿ, "ಹಗ್ಗ ಬಿಚ್ರೋ," ಎಂದ.

ಆಗ ಕಮಲಿ ಮಾಡಿದ ಕೆಲಸವನ್ನು ಬಂದರಿನವರು ಈಗಲೂ ಹೇಳುತ್ತಾರೆ. ಕಾಯಿ ಒಡೆದು ಹೊರಟ ಬೋಟಿಗೆ ಮೊದಲ ದಿನ ಹೆಂಗಸು ಕಾಲಿಡಬಾರದೆಂದು ಅಲ್ಲಿಯವರ ನಂಬಿಕೆ. ಕಾಲಿಟ್ಟರೆ ಪೂಜೆ ಮತ್ತೆ ಮಾಡಬೇಕು, ಆ ದಿನದ ಪ್ರಯಾಣ ಹೋಯಿತು. ಕಮಲಿ ಚಪ್ಪಲಿ ಕಳಚಿದಳು. ಧಕ್ಕೆಯಿಂದ ಬೋಟಿಗೆ ಹಾಕಿದ್ದ ಹಲಗೆಯ ಮೇಲೆ ಒಂದು ಕಾಲು ಇಟ್ಟಳು.

"ನೀ ಇಳೀತ್ಯೋ, ನಾ ಹತ್ತಲೋ?"

"ಅಕ್ಕಾ ಬ್ಯಾಡ! ಕಮಲಕ್ಕಾ ಬ್ಯಾಡ!" ಎಂದು ಏಳೆಂಟು ಗಂಡಸರು ಒಟ್ಟಿಗೆ ಬೊಬ್ಬೆ ಹಾಕಿದರು. ಕಮಲಿ ಎರಡನೇ ಕಾಲನ್ನೂ ಎತ್ತಿದಳು. ಹಲಗೆ ಅಲುಗಿತು, ಅವಳಿಗೆ ಕೆಮ್ಮು ಬಂತು, ಒಂದು ಕೈಯಲ್ಲಿ ಹಗ್ಗ ಹಿಡಿದು ಬಗ್ಗಿ ಕೆಮ್ಮಿದಳು. ಕಾಲು ಮಾತ್ರ ಹಿಂದೆ ತೆಗೆಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೋಟಿನೊಳಗೆ ಇರುತ್ತಿದ್ದಳು. ಅಷ್ಟರಲ್ಲಿ ಮಾಬ್ಲ ಓಡಿ ಬಂದು ಅವಳ ತೋಳು ಹಿಡಿದು, ಅವಳ ಜೊತೆಗೇ ಧಕ್ಕೆಗೆ ಇಳಿದ.

"ಆತು ಮಾರಾಯ್ತಿ, ಆತು. ಬತ್ತೆ. ಸೂಜಿನೋ ಸುಡುಗಾಡೋ, ಎಂತ ಹಾಕ್ತ್ರೋ ಹಾಕ್ಲಿ," ಎಂದ. ಅವನ ಕಣ್ಣು ತುಂಬಿತ್ತು. ಬೋಟು ಆ ದಿನ ಎರಡನೇ ತಾಂಡೇಲನ ಕೈಯಲ್ಲಿ ಹೋಯಿತು.

ಡಾಕ್ಟರ್ ಸುಚಿತಾ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದಳು. ಸ್ಟ್ರಿಪ್ಪಿನಲ್ಲಿದ್ದ ಹದಿನೈದನ್ನು ಪರೀಕ್ಷಿಸಿ ಕಮಲಿಗೆ ಕೊಟ್ಟಳು. ಬಿಡಿಯಾಗಿದ್ದ ಆರನ್ನು ಇನ್ನು ತಿನ್ನುವಂತಿಲ್ಲ ಎಂದು ತೆಗೆದಿಟ್ಟಳು. ಅಕ್ಕನೂ ತಿನ್ನದ, ತಮ್ಮನೂ ತಿನ್ನದ ಆ ಆರು ಮಾತ್ರೆಗಳನ್ನು ನೋಡುವಾಗ ಕಮಲಿಗೆ ಹೊಟ್ಟೆ ಉರಿದುಹೋಯಿತು. ಮಾಬ್ಲನ ಬೆನ್ನಿಗೆ ಮತ್ತೆ ಸೂಜಿ ಹಾಕಿದರು. ಅವನು ಅಕ್ಕನ ಕೈ ಹಿಡಿಯಲು ಬಿಡಿ ಎಂದು ಕೇಳಿದ, ಬಿಡಲಿಲ್ಲ. ಈ ಸಲ ಸಿಕ್ಕ ಚೂರು ಸಾಕಾಯಿತು.

ಮೂರು ವಾರಕ್ಕೆ ವರದಿ ಬಂತು. ಇಬ್ಬರನ್ನೂ ಪಕ್ಕ ಪಕ್ಕ ಕೂರಿಸಿಕೊಂಡು, ಡಾಕ್ಟರ್ ಮತ್ತೆ ಅದೇ ಚೌಕವನ್ನೂ ಬಾಗಿಲನ್ನೂ ಬರೆದಳು.

"ಮಾಬ್ಲ ಅವರೇ, ನಿಮ್ಮ ಇಜಿಎಫ್‌ಆರ್ ಸರಿಯಾಗಿಯೇ ಇದೆ. ತಪ್ಪಾದದ್ದು ಕೆ-ರಾಸ್ ಅನ್ನೋ ಬೇರೆ ಜೀನು. ಅಕ್ಕನ ಮಾತ್ರೆ ಬಾಗಿಲಲ್ಲಿ ಕೂತವರ ಬಾಯಿ ಮುಚ್ಚಿಸ್ತದೆ. ನಿಮ್ಮಲ್ಲಿ ಹುಕುಂ ಬರ್ತಾ ಇರೋದು ಬಾಗಿಲಿಂದ ಅಲ್ಲ, ಮನೆಯ ಒಳಗಿನಿಂದ. ಎಷ್ಟು ಮಾತ್ರೆ ತಿಂದಿದ್ದರೂ ಅಷ್ಟೇ."

"ಅಂದ್ರೆ ಆ ಒಂಬತ್ತು..." ಎಂದ ಮಾಬ್ಲ.

"ಒಂಬತ್ತೂ ವ್ಯರ್ಥ."

ಅವನು ತಲೆ ತಗ್ಗಿಸಿದ. ಕಮಲಿ ಅವನ ಬೆನ್ನ ಮೇಲೆ ಕೈಯಿಟ್ಟು, ಅವನ ಪರವಾಗಿ ಕೇಳಿದಳು. "ಅವನಿಗೆ ಮಾತ್ರೆ ಇಲ್ಲ ಅಂದ್ರೆ ಮದ್ದೇ ಇಲ್ವಾ?"

"ಇದೆ. ಕೀಮೋ, ಅದರ ಜೊತೆಗೆ ಮೈಯ ಕಾವಲು ಪಡೆಯನ್ನ ಎಬ್ಬಿಸೋ ಇನ್ನೊಂದು ಮದ್ದು. ಎರಡೂ ನರಕ್ಕೆ ಹಾಕೋದು, ಮೂರು ವಾರಕ್ಕೊಮ್ಮೆ. ಇವರ ಗಂಟಿನ ಪರೀಕ್ಷೆ ನೋಡಿದರೆ ಅದು ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ. ಜೂನಿನಲ್ಲೇ ಶುರು ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು. ಈಗಲಾದರೂ ಒಂದು ಸಲವೂ ತಪ್ಪಿಸಬಾರದು."

"ತಪ್ಪಿಸೂದಿಲ್ಲ. ಕರ್ಕೊಂಡು ಬಪ್ಪುದು ನಾನು," ಎಂದಳು ಕಮಲಿ. ಡಾಕ್ಟರ್ ತಾರೀಖು ಬರೆದ ಚೀಟಿಯನ್ನು ಅವಳ ಕೈಗೇ ಕೊಟ್ಟಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಾಬ್ಲನಿಗೆ ಮೊದಲ ಸಲ ಮದ್ದು ಹಾಕಿದರು. ಉದ್ದನೆಯ ಕೋಣೆಯಲ್ಲಿ ಸಾಲಾಗಿ ಒರಗುವ ಕುರ್ಚಿಗಳು, ಪ್ರತಿಯೊಂದರ ಪಕ್ಕದಲ್ಲೂ ಕಂಬಕ್ಕೆ ತೂಗುಹಾಕಿದ ಚೀಲ. ದಿನಾ ಒಂದು ಮಾತ್ರೆ ಮತ್ತೆ ಶುರುವಾಗಿ ಕಮಲಿಯ ಕೆಮ್ಮು ಇಳಿಯತೊಡಗಿತ್ತು. ರೋಗ ರೂಪ ಬದಲಾಯಿಸಿಲ್ಲ ಎಂದು ಡಾಕ್ಟರಿಗೂ ಸಮಾಧಾನ, ಆದರೆ ಮೂರು ತಿಂಗಳಿಗೊಮ್ಮೆ ನೋಡಲೇಬೇಕು. ಬದಲಾದ ದಿನ ಮತ್ತೆ ಸೂಜಿ, ಮತ್ತೆ ಪರೀಕ್ಷೆ. ಬರಲಿ, ಬಂದಾಗ ನೋಡಿದರಾಯಿತು ಎಂದು ಕಮಲಿ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಗೋಡೆಯ ಗಡಿಯಾರ ಒಂಬತ್ತು ತೋರಿಸಿದಾಗ ಅವಳು ಚೀಲದಿಂದ ಸ್ಟ್ರಿಪ್ಪು ತೆಗೆದು, ತಮ್ಮನ ಎದುರಿಗೇ ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನಾಲಿಗೆ ಹೊರಗೆ ಹಾಕಿ ಅವನಿಗೆ ತೋರಿಸಿದಳು, ನುಂಗಿದ್ದೇನೆ ಎಂದು.

ಮಾಬ್ಲ ಕೊಳವೆಯಲ್ಲಿ ಇಳಿಯುತ್ತಿದ್ದ ಹನಿಗಳನ್ನು ನೋಡುತ್ತ ಕುಳಿತಿದ್ದ. ಸೂಜಿ ಚುಚ್ಚಿದ ಕೈಯನ್ನು ಅಲುಗಿಸಲು ಹೆದರಿ ಹಲಗೆಯ ಹಾಗೆ ಇಟ್ಟುಕೊಂಡಿದ್ದ. ಸ್ವಲ್ಪ ಹೊತ್ತಾದ ಮೇಲೆ ಅಕ್ಕನ ಕಡೆ ತಿರುಗಿದ.

"ಅಕ್ಕಾ."

"ಎಂತ? ಉರೀತದಾ?"

"ಇಲ್ಲ. ಇದ್ರಲ್ಲಿ ನಿಂಗೆ ಪಾಲು ಕೊಡೂಕೆ ಬತ್ತಿಲ್ಲ."

ಕಮಲಿ ನಗಲು ಹೋಗಿ ಅತ್ತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಕಂಬದ ಮೇಲಿನ ಚೀಲವನ್ನು ಒಮ್ಮೆ ನೋಡಿದಳು.

"ಬ್ಯಾಡ ಮಾರಾಯಾ," ಎಂದಳು. "ಪೂರಾ ನೀನೇ ತಕಾ. ಒಂದು ಹನಿ ಬಿಟ್ರೆ ಕಾಣು."

ಮಾಬ್ಲ ತಲೆಯಾಡಿಸಿದ. ಚೀಲ ಖಾಲಿಯಾಗಲು ಇನ್ನೂ ಮೂರು ಗಂಟೆ ಇತ್ತು, ಕಮಲಿ ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತಳು.